ಕಲೆಸುವ ಕೆಲಸ

ಪ್ಲೊವ್ದಿವ್‌ನ ಅಚ್ಚುಕೂಟದಲ್ಲಿ ನನಗೆ ಸಂಬಳ ಕೊಡುವುದು
ಮನುಷ್ಯರ ವಯಸ್ಸನ್ನು ಕಲೆಸುವುದಕ್ಕೆ.

ಯಂತ್ರಕ್ಕೆ ಕ್ರಮ ಗೊತ್ತು. ಅದು ಕಕ್ಕುವ ಕಾಗದದ ಸುರುಳಿಯಲ್ಲಿ
ಕೂಸು, ಅಂಬೆಗಾಲು, ಶಾಲೆಚೀಲದ ಹುಡುಗಿ,
ಮೊಡವೆ ಮುಖದವಳು, ಮಗು ಎತ್ತಿಕೊಂಡವಳು, ಕೋಲು ಹಿಡಿದವಳು,
ಆರೂ ಮಂದಿ ಭುಜಕ್ಕೆ ಭುಜ ತಾಗಿಸಿ ಬರುತ್ತಾರೆ.
ಕೋಲಿನವಳ ಪಕ್ಕಕ್ಕೆ ಮತ್ತೆ ಕೂಸು.
ನಡುವೆ ಚುಕ್ಕಿಗೆರೆ, ಅಷ್ಟೇ.
ನನ್ನ ಅಲಗು ಮೊದಲು ಬೀಳುವುದು ಅಲ್ಲಿಗೆ.

ಕತ್ತರಿಸಬೇಕು, ಕಲೆಸಬೇಕು, ಡಬ್ಬಿಗೆ ತುಂಬಬೇಕು.
ಮೇಸ್ತ್ರಿ ರಾಂಗೆಲ್ ದಿನಕ್ಕೊಮ್ಮೆ ಹೇಳುತ್ತಾನೆ:
"ಸೆವ್ದಾ, ಪಕ್ಕದ ವಯಸ್ಸು ಪಕ್ಕದಲ್ಲಿ ಕೂರಬಾರದು,
ಮಕ್ಕಳಿಗೆ ಸುಲಭವಾಗಿಬಿಡುತ್ತೆ."
ಕೆಲವು ಸಲ ಕೂಸು ಹೋಗಿ ಕೋಲಿನವಳ ಮೇಲೆ ಬೀಳುತ್ತದೆ.
ಹಾಗೇ ಬಿಡುತ್ತೇನೆ. ನಿಯಮಕ್ಕೆ ವಿರುದ್ಧವೇನಲ್ಲ.
ಡಬ್ಬಿಯ ಮುಚ್ಚಳದಲ್ಲಿ ಅಚ್ಚಾಗಿದೆ:
ತರ್ಕಬದ್ಧವಾಗಿ ಜೋಡಿಸಿರಿ.

ನಾನು ಮೊದಲ ಹೆಜ್ಜೆ ಇಟ್ಟ ವಾರ, ನಮ್ಮಲ್ಲಿಯ ರೂಢಿಯಂತೆ,
ನೆಲಕ್ಕೆ ಬಟ್ಟೆ ಹಾಸಿ ದುಂಡು ರೊಟ್ಟಿ ಉರುಳಿಸಿದರಂತೆ.
ಅದರ ಹಿಂದೆ ತಪ್ಪುಹೆಜ್ಜೆ ಹಾಕಿ ಹೋದವಳ ಮುಂದೆ
ಪೆನ್ನು, ಕನ್ನಡಿ, ಸೌಟು, ಕತ್ತರಿ.
ಕತ್ತರಿಗೆ ಕೈ ಹಾಕಿದೆನಂತೆ.
ದರ್ಜಿಯಾಗುತ್ತಾಳೆ ಅಂದರಂತೆ ಅತ್ತೆಯರು.
ಈ 'ಅಂತೆ'ಗಳೆಲ್ಲ ಅಮ್ಮನವು.
ಈಗ ಅವಳ ಹತ್ತಿರವೂ ಉಳಿದಿಲ್ಲ.

ನನಗೆ ನೆನಪಿರುವುದು ಬೇರೆ:
ಹನ್ನೊಂದಕ್ಕೆ ತಮ್ಮಂದಿರಿಗೆ ತಾಯಿ
(ಅಮ್ಮನಿಗೆ ತಂಬಾಕಿನ ಗೋದಾಮಿನಲ್ಲಿ ಎರಡು ಪಾಳಿ),
ಮೂವತ್ತನಾಲ್ಕಕ್ಕೆ ಸಂಜೆಶಾಲೆಯ ಬೀಜಗಣಿತ,
ಐವತ್ತೊಂದಕ್ಕೆ ಮರಿತ್ಸಾ ದಂಡೆಯಲ್ಲಿ ಸೈಕಲ್ಲು:
ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗಿತು, ಮಂಡಿ ತರಚಿಕೊಂಡು.
ಮೊಡವೆ ಎದ್ದದ್ದು ಯಾವಾಗಲೋ,
ಕನ್ನಡಿ ನೋಡಲು ಪುರುಸೊತ್ತಿರಲಿಲ್ಲ.
ನನ್ನನ್ನು ಯಾರು ಕಲೆಸಿ ಡಬ್ಬಿಗೆ ತುಂಬಿದರೋ,
ಒಳ್ಳೆಯ ಕೆಲಸಗಾರ್ತಿಯೇ ಇರಬೇಕು.
ಪಕ್ಕದ್ದು ಪಕ್ಕದಲ್ಲಿ ಒಂದೂ ಇಲ್ಲ.

ಮಾರ್ಚ್ ತಿಂಗಳು, ಎಲ್ಲರ ಮಣಿಕಟ್ಟಿನಲ್ಲೂ ಕೆಂಪು-ಬಿಳಿ ದಾರ.
ಹಾಸ್ಕೊವೊ ಊರಿನ ಒಬ್ಬ ಟೀಚರಿಂದ ಪತ್ರ:
ನಿಮ್ಮ ಡಬ್ಬಿಯಲ್ಲಿ ಎರಡು ಕೂಸು, ಮುದುಕಿಯೇ ಇಲ್ಲ.
ಆದರೂ ಮಕ್ಕಳು ಜೋಡಿಸಿ ಮುಗಿಸಿದರು,
ಒಂದು ಕೂಸು ಈ ತುದಿಗೆ, ಒಂದು ಆ ತುದಿಗೆ.
ಯಾರಿಗೂ ತಪ್ಪು ಅನ್ನಿಸಲಿಲ್ಲ.
ರಾಂಗೆಲ್ ಗಟ್ಟಿಯಾಗಿ ಓದಿ ನಕ್ಕ.
"ಸರಿಯಾಗೇ ಇದೆಯಲ್ಲ! ಮುಪ್ಪು ಅಂದರೆ ಎರಡನೇ ಬಾಲ್ಯ."
ಎಲ್ಲರೂ ನಕ್ಕರು. ನಾನೂ ಹಲ್ಲು ತೋರಿಸಿದೆ, ಕೈ ನಿಲ್ಲಿಸದೆ.

ಇಲ್ಲ ರಾಂಗೆಲ್.
ಅಮ್ಮನಿಗೆ ಉಣಿಸುವವಳು ನಾನು. ಕೊರಳಿಗೆ ಕರವಸ್ತ್ರ ಕಟ್ಟುತ್ತೇನೆ.
ಚಮಚ ಬಾಯಿ ತಪ್ಪುತ್ತದೆ, ಬೀನ್ಸ್ ಸೂಪು ಮಡಿಲಿಗೆ ಚೆಲ್ಲುತ್ತದೆ,
ಅದನ್ನು ನೋಡಿ ಅವಳು "ಕ್ಷಮಿಸು" ಅನ್ನುತ್ತಾಳೆ.
ಕೂಸು ಯಾವತ್ತಾದರೂ ಕ್ಷಮೆ ಕೇಳಿದೆಯಾ?
ಬಟ್ಟೆ ಬದಲಿಸುವಾಗ
ಗೋಡೆಯ ಕಡೆ ಮುಖ ತಿರುಗಿಸಿದೆಯಾ?
ನನ್ನ ಹೆಸರು ಸಿಗದೆ ಹೋದಾಗ
ತಮ್ಮಂದಿರ ಹೆಸರನ್ನು ಒಂದೊಂದೇ ಹೇಳಿ, ಸತ್ತವನದನ್ನೂ ಹೇಳಿ,
ನನ್ನ ಮುಖದಲ್ಲಿ ಯಾವುದಕ್ಕೆ ದೀಪ ಹತ್ತುತ್ತದೆ ಎಂದು
ಕಾಯುತ್ತಾ ಕೂತಿದೆಯಾ?

ಒಬ್ಬ ಮುದುಕಿಯನ್ನು ರಾಶಿಯಿಂದ ಎತ್ತಿ ಜೇಬಿಗೆ ಹಾಕಿಕೊಂಡೆ,
ಹಾಸ್ಕೊವೊಗೆ ಕಳಿಸಲು.
ನಾನು ಹೋಗುವಷ್ಟರಲ್ಲಿ ಅಂಚೆಕಚೇರಿ ಮುಚ್ಚಿತ್ತು.

ಊಟದ ಮೇಜಿನ ಮೇಲಿದ್ದ ಕಾರ್ಡನ್ನು
ಅಮ್ಮ ದೀಪಕ್ಕೆ ಹಿಡಿದು ನೋಡಿದಳು, ಬಹಳ ಹೊತ್ತು.
ಹೆಬ್ಬೆರಳಿನಿಂದ ಕೋಲನ್ನು ಮುಚ್ಚಿ ನೋಡಿದಳು,
ಬೆರಳು ತೆಗೆದು ನೋಡಿದಳು.
"ಪಾಪ, ಈ ಹುಡುಗಿ ಯಾರ ಮಗಳು?
ಕತ್ತಲಾಯಿತು. ಮನೆಗೆ ಕಳಿಸು."

ಲಕೋಟೆಯ ಮೇಲೆ ವಿಳಾಸ ಬರೆದಾಗಿದೆ.
ಅಂಚೆಗೆ ಹಾಕುವುದು ನಾಳೆ ಅಂದುಕೊಳ್ಳುತ್ತೇನೆ,
ದಿನಾ.